ಎಣ್ಣೆ ಕಲೆಯ ಎತ್ತರ

ಹಾಸನದ ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ಒಂದು ಎಣ್ಣೆ ಕಲೆ ಇತ್ತು. ನೆಲದ ಮೇಲೆ ಕೂತವರ ತಲೆ ತಾಗುವಷ್ಟು ಎತ್ತರದಲ್ಲಿ, ಊಟದ ತಟ್ಟೆಯಷ್ಟು ಅಗಲಕ್ಕೆ, ನಡುವೆ ಕಪ್ಪಾಗಿ ಅಂಚಿಗೆ ಬರುಬರುತ್ತಾ ತೆಳುವಾಗುತ್ತಿದ್ದ ಕಲೆ. ಅದನ್ನು ಮಾಡಿದವರು ನಮ್ಮತ್ತೆ. ಅವರು ತಲೆಗೆ ಹರಳೆಣ್ಣೆಯನ್ನೇ ಹಚ್ಚುವವರು, ಹಚ್ಚುವಾಗ ಕೈ ಹಿಡಿಯುವವರಲ್ಲ. ಸಂಜೆಯಾದರೆ ಅಡುಗೆಮನೆ ಬಾಗಿಲ ಪಕ್ಕದ ಆ ಜಾಗದಲ್ಲಿ ಕಾಲು ಚಾಚಿ, ತುರುಬನ್ನು ಗೋಡೆಗೆ ಒರಗಿಸಿ ಕೂರುತ್ತಿದ್ದರು. ಮನೆಯಲ್ಲಿ ಸೋಫಾ ಇಲ್ಲವೆಂದಲ್ಲ. ಸೋಫಾ ಮೇಲೆ ಕೂತರೆ ಯಾರದೋ ಮನೆಗೆ ಬಂದಂತಾಗುತ್ತದೆ ಎನ್ನುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅವರೆದುರು ನೆಲದ ಮೇಲೆಯೇ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಲೋ, ಸೊಪ್ಪು ಬಿಡಿಸುತ್ತಲೋ ಕತೆ ಹೇಳುತ್ತಿದ್ದರು. ಅವರ ತವರು ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿ. ಅಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಯಾವ ಎಮ್ಮೆ ಯಾರಿಗೆ ಹಾಲು ಕೊಡುತ್ತಿರಲಿಲ್ಲ, ಯಾವ ಬೀಗರು ಯಾವ ಪಲ್ಯಕ್ಕೆ ಮುಖ ಸಿಂಡರಿಸಿದರು, ಎಲ್ಲ ನನಗೆ ಗೊತ್ತು. ಕೆದಕುವುದು ನನ್ನ ಹುಟ್ಟುಗುಣ. ಒಂದು ಹೇಳಿದರೆ ಒಂಬತ್ತು ಕೇಳುತ್ತೇನೆ. ನನ್ನ ಗಂಡನಿಗೆ ಇದರಿಂದ ತಲೆನೋವು, ಅತ್ತೆಗೆ ಮಾತ್ರ ಖುಷಿ. ದಿನವಿಡೀ ಮಕ್ಕಳ ಮೇಲೆ ಕೂಗಿ ಬಂದ ನನಗೆ ಆ ಒಂದು ಹೊತ್ತು ಇದ್ದರೇ ದಿನ ಮುಗಿದಂತೆ ಅನ್ನಿಸುತ್ತಿತ್ತು.

ಗೋಡೆಗೆ ಪ್ಯಾನೆಲ್ ಹಾಕಿಸುವ ಹುಚ್ಚು ನಮಗೆ ಹತ್ತಿದ್ದು ಹೊಳೆನರಸೀಪುರದಲ್ಲಿ. ನನ್ನ ತಂಗಿಯ ಹೊಸ ಮನೆಯ ಗೃಹಪ್ರವೇಶ. ಅವಳ ನಡುಮನೆಯ ಗೋಡೆಗಳಿಗೆ ನೆಲದಿಂದ ಅರ್ಧದವರೆಗೆ ಮರದ ಬಣ್ಣದ ನುಣ್ಣನೆಯ ಪ್ಯಾನೆಲ್, ಅದರ ಮೇಲಂಚಿಗೆ ಉದ್ದಕ್ಕೂ ಉಬ್ಬಿದ ಪಟ್ಟಿ. ಬಡಗಿಗಳು ಬೀಡಿಂಗ್ ಎನ್ನುತ್ತಾರೆ. ಪ್ಯಾನೆಲ್ ಬರೀ ಹಲಗೆ, ಅದಕ್ಕೆ ಕಳೆ ಬರುವುದು ಈ ಬೀಡಿಂಗ್‌ನಿಂದಲೇ. ಬಂದವರೆಲ್ಲ ಊಟಕ್ಕೆ ಏಳುವ ಮುಂಚೆ ಅದನ್ನು ಒಮ್ಮೆ ಸವರಿ ಹೋಗುತ್ತಿದ್ದರು. ನಮ್ಮತ್ತೆಯೂ ಸವರಿದರು.

ಅದಾದ ಮೇಲೆ ಒಂದು ದಿನ ತಂಗಿಯ ಅತ್ತೆ ನಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತಾ ಗೋಡೆಯ ಕಲೆಯನ್ನು ನೋಡಿದರು. ನೋಡಿ, ಸೀರೆಯ ಸೆರಗನ್ನು ಸ್ವಲ್ಪ ಈಚೆಗೆ ಎಳೆದುಕೊಂಡರು, ಅಷ್ಟೆ. ನಾನು ಅದನ್ನು ಕಂಡೆ, ಅತ್ತೆಯೂ ಕಂಡರು. ಬೀಗಿತ್ತಿ ಆಟೋ ಹತ್ತಿದ ಮೇಲೆ ಅತ್ತೆ ಒದ್ದೆ ಬಟ್ಟೆಗೆ ಸೋಪಿನ ಪುಡಿ ಹಾಕಿಕೊಂಡು ಆ ಕಲೆಯನ್ನು ತಿಕ್ಕಿಯೇ ತಿಕ್ಕಿದರು. ಸುಣ್ಣ ಬಣ್ಣ ಎದ್ದು ಬಂತೇ ಹೊರತು ಕಲೆ ಹೋಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವರೇ ಮಗನಿಗೆ ಹೇಳಿದರು. "ಲೇ ಮಗ, ಆ ಒಳೆನರ್ಸೀಪುರದ ಮನೇಲಿ ಆಕ್ಸಿದ್ರಲ್ಲ, ಅಂತದ್ದೇ ನಮ್ಗೂ ಆಕ್ಸ್ಬುಡ್ಲಾ. ನನ್ ತಲೆ ಕೊಳೆ ಮುಚ್ಚೋಗ್ಲಿ."

ಬಡಗಿ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಅವನು ಬಂದದ್ದು ಒಂದು ಕತೆಯ ನಟ್ಟನಡುವೆ. ಅತ್ತೆ ತಮ್ಮ ಅಕ್ಕನ ಕತೆ ಹೇಳುತ್ತಿದ್ದರು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಎತ್ತಿನ ಗಾಡಿ ಕಟ್ಟಿಕೊಂಡು ಬಂದರಂತೆ. ಗಾಡಿ ಊರಬಾಗಿಲಿಗೆ ಬಂದದ್ದು ಕಂಡಿದ್ದೇ ತಡ, ಅಕ್ಕ ಹಿತ್ತಲಿಗೆ ಓಡಿ ಹುಲ್ಲಿನ ಮೆದೆಯ ಹಿಂದೆ ಅವಿತುಕೊಂಡಳಂತೆ. "ಆಮೇಲೆ?" ಎಂದೆ. ಅಷ್ಟರಲ್ಲಿ ಗೇಟು ಸದ್ದಾಯಿತು, ಟೆಂಪೋದಿಂದ ಪ್ಯಾನೆಲ್ ಇಳಿಯತೊಡಗಿತು, ಅತ್ತೆ ಎದ್ದರು.

ಬಡಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿದ. "ಎಲ್ಲೀಗಂಟ ಬರ್ಬೇಕು ಸಾ?"

ನನ್ನವರು ಗೋಡೆ ನೋಡಿದರು, ನನ್ನನ್ನು ನೋಡಿದರು. ಅತ್ತೆಯೇ ಮುಂದೆ ಬಂದು, ಬಗ್ಗಿ, ಕಲೆಯ ಮೇಲಂಚಿಗೆ ಬೆರಳಿಟ್ಟರು. "ಇಲ್ಲೀಗಂಟ ಬಂದ್ರೆ ಸಾಕು ಕಣಪ್ಪ. ಕಲೆ ಮುಚ್ಚುದ್ರೆ ಸಾಕು, ಮೇಲ್ಗಡೆ ಗೋಡೆ ಅಂಗೇ ಚೆಂದಾಗದೆ."

ಅವರ ಬೆರಳಿನ ಪಕ್ಕದಲ್ಲಿ ಬಡಗಿ ಗೆರೆ ಎಳೆದ. ನಾವೆಲ್ಲ ತಲೆಯಾಡಿಸಿದೆವು. ಕಲೆ ಮುಚ್ಚಲೆಂದೇ ಮಾಡಿಸುತ್ತಿರುವ ಕೆಲಸಕ್ಕೆ ಕಲೆಯ ಎತ್ತರವೇ ಅಳತೆ. ಇದಕ್ಕಿಂತ ಸರಿಯಾದ ಲೆಕ್ಕ ಇನ್ನೇನಿದೆ ಎಂದೇ ನನಗೂ ಅನ್ನಿಸಿತ್ತು. ಆ ಗೆರೆಯ ಮೇಲೆ, ಗೋಡೆಯ ಎತ್ತರದಲ್ಲಿ, ನಮ್ಮ ಮಾವನ ಫೋಟೋ ಇತ್ತು. ಕಟ್ಟು ಹಾಕಿಸಿ, ಶ್ರೀಗಂಧದ ಹಾರ ಹಾಕಿ, ಅವರು ತೀರಿಕೊಂಡ ವರ್ಷವೇ ತೂಗುಹಾಕಿದ್ದು.

ಪ್ಯಾನೆಲ್ ಕೂರಿಸಿದ ಬಡಗಿ ಬೀಡಿಂಗ್ ಹೊಡೆಯುವ ಹೊತ್ತಿಗೆ ಮಾಯವಾದ. ಚನ್ನರಾಯಪಟ್ಟಣದಲ್ಲಿ ಯಾವುದೋ ಕಲ್ಯಾಣ ಮಂಟಪದ ಕೆಲಸ, ಅವರು ಬಿಡುತ್ತಿಲ್ಲವಂತೆ. ಫೋನ್ ಮಾಡಿದಾಗಲೆಲ್ಲ "ನಾಳೆ ಬತ್ತೀನಿ ಸಾ" ಎನ್ನುತ್ತಿದ್ದ. ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ ನಾವು ಪ್ರತಿಸಲವೂ ನಂಬುತ್ತಿದ್ದೆವು. ಉದ್ದುದ್ದ ಪಟ್ಟಿಗಳು ಮೂಲೆಯಲ್ಲಿ ಒರಗಿಕೊಂಡು ಧೂಳು ತಿನ್ನುತ್ತಿದ್ದವು. ನಡುಮನೆ ತುಂಬ ಮರದ ಪುಡಿ. ಅತ್ತೆ ಸಂಜೆ ಹೊತ್ತು ಅಡುಗೆಮನೆಯ ಒಳಗೆ, ಗ್ಯಾಸ್ ಸಿಲಿಂಡರಿನ ಪಕ್ಕ, ಮಣೆ ಹಾಕಿಕೊಂಡು ಕೂರತೊಡಗಿದರು. ಧೂಳಿಗೆ ತಾನೆ ಎಂದುಕೊಂಡೆ.

ಕೊನೆಗೆ ನನಗೆ ರೇಗಿತು. "ರೀ, ಇದೇನು ಬ್ರಹ್ಮವಿದ್ಯೆಯೇ? ನಾವೇ ಹೊಡೆಯೋಣ" ಎಂದೆ. ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಕೂತೆವು.

ಪಟ್ಟಿಯನ್ನು ಗೋಡೆಯುದ್ದಕ್ಕೆ ಕತ್ತರಿಸುವುದು ಕಷ್ಟವಲ್ಲ. ಕಷ್ಟವಿರುವುದು ಮೂಲೆಯಲ್ಲಿ. ಎರಡು ಗೋಡೆ ಕೂಡುವ ಕಡೆ ಎರಡು ಪಟ್ಟಿಗಳ ತುದಿಯನ್ನೂ ಓರೆಯಾಗಿ ಕೊಯ್ಯಬೇಕು, ಒಂದರ ಓರೆ ಇನ್ನೊಂದರ ಓರೆಗೆ ಎದುರಾಗಿ ಕೂರಬೇಕು. ನನ್ನವರು ಎರಡನ್ನೂ ಒಂದೇ ದಿಕ್ಕಿಗೆ ಕೊಯ್ದರು. ಜೋಡಿಸಿ ನೋಡಿದರೆ ಒಂದರ ತುದಿ ಇತ್ತ, ಇನ್ನೊಂದರ ತುದಿಯೂ ಇತ್ತಲೇ. "ಹೆಂಡತಿ ಮುನಿಸಿಕೊಂಡು ಆಚೆ ತಿರುಗಿ ಮಲಗಿದ ಹಾಗಿದೆ" ಎಂದೆ. ಅವರು ನಗಲಿಲ್ಲ. ಆಮೇಲೆ ನಾನು ಹಳೆಯ ರಟ್ಟಿನಲ್ಲಿ ಎರಡು ತುಂಡು ಕತ್ತರಿಸಿ, ಮೂಲೆಗೆ ಹಿಡಿದು, ಯಾವುದು ಎತ್ತ ಎಂದು ಗುರುತು ಹಾಕಿಕೊಂಡೆ. ವಿಜ್ಞಾನದ ಮೇಷ್ಟ್ರು ಅಂತ ಇಷ್ಟಾದರೂ ಉಪಯೋಗವಾಗಬೇಕಲ್ಲ. ಆದರೂ ಮೂಲೆಯಲ್ಲಿ ಸಂದು ಉಳಿಯಿತು. ಯಾಕೆಂದು ನೋಡಿದರೆ ನಮ್ಮ ಮನೆಯ ಮೂಲೆಯೇ ನೇರವಾಗಿಲ್ಲ. ಗೋಡೆಯೂ ಅಷ್ಟೆ, ಮಟ್ಟ ನೋಡುವ ರಸಮಟ್ಟ ಹಿಡಿದರೆ ಅದರೊಳಗಿನ ಗುಳ್ಳೆ ಒಂದು ಕಡೆ ನಿಲ್ಲದು, ಪಟ್ಟಿ ಇಟ್ಟರೆ ನಡುವೆ ಒತ್ತುತ್ತದೆ, ತುದಿಯಲ್ಲಿ ಏಳುತ್ತದೆ. ಇಷ್ಟು ವರ್ಷ ಇದೇ ಗೋಡೆಗಳ ನಡುವೆ ಇದ್ದರೂ ಇದಕ್ಕೆ ಹೊಟ್ಟೆ ಬಂದಿರುವುದು ನನಗೆ ಗೊತ್ತೇ ಇರಲಿಲ್ಲ. ಒಂದು ಪಟ್ಟಿ ಹಿಡಿದರೆ ಮನೆಯ ಗುಟ್ಟೆಲ್ಲ ಹೊರಬರುತ್ತದಲ್ಲ ಎಂದು ನನಗೆ ಮೋಜೆನಿಸಿತು.

ಅಂಟು ಹಚ್ಚಿ, ಪ್ಯಾನೆಲ್ಲಿನ ಮೇಲಂಚು ಮುಚ್ಚುವಂತೆ ಪಟ್ಟಿಯನ್ನು ಒತ್ತಿ, ಜಾರದಂತೆ ಟೇಪು ಅಂಟಿಸಿ ಬಿಟ್ಟೆವು. ಸಂದುಗಳಿಗೆ ಪುಟ್ಟಿ ತುಂಬಿದೆವು. ಮಾರನೆಯ ದಿನ ಟೇಪು ಬಿಚ್ಚಿ ಒರೆಸಿದಾಗ ನಿಜಕ್ಕೂ ಹೆಮ್ಮೆಯಾಯಿತು. ಅತ್ತೆ ಬಂದು ಉದ್ದಕ್ಕೂ ಬೆರಳಾಡಿಸಿದರು. "ಬೋ ಚೆಂದಾಗದೆ ಕಣವ್ವ. ನಮ್ಮನೆ ಅನ್ನಂಗೇ ಇಲ್ಲ."

ಆ ಸಂಜೆ ಅವರು ತಮ್ಮ ಜಾಗದಲ್ಲಿ ಕೂತರು. ನಾನು ಪೇಪರ್ ಕಟ್ಟು ಹಿಡಿದು ಎದುರಿಗೆ ಕೂತು, "ಮೆದೆ ಹಿಂದೆ ಅವಿತ್ಕೊಂಡ್ರು, ಆಮೇಲೆ?" ಎಂದೆ. ಅತ್ತೆ ಹಿಂದಕ್ಕೆ ಒರಗಿದರು, ಮುಂದಕ್ಕೆ ಬಂದರು, ಸ್ವಲ್ಪ ಆಚೆ ಸರಿದರು, ದಿಂಬು ತರಿಸಿ ಬೆನ್ನಿಗೆ ಇಟ್ಟುಕೊಂಡರು, ದಿಂಬು ತೆಗೆದರು. "ಇಲ್ಯಾಕೋ ಸೆಕೆ ಕಣವ್ವ" ಎಂದು ಎದ್ದು ಅಡುಗೆಮನೆಗೆ ಹೋದರು.

ಮಾರನೆಯ ದಿನವೂ ಸೆಕೆ. ಅದರ ಮಾರನೆಯ ದಿನವೂ. ಹೊರಗೆ ಧನುರ್ಮಾಸದ ಚಳಿ, ಬೆಳಗ್ಗೆ ಎದ್ದರೆ ರಸ್ತೆಯ ದೀಪ ಕಾಣದಷ್ಟು ಮಂಜು, ಒಳಗೆ ಅತ್ತೆಗೆ ಸೆಕೆ. "ಕತೆ?" ಎಂದರೆ, "ಇನ್ನೊಂದಿನ ಏಳ್ತೀನಿ ಬುಡವ್ವ" ಎನ್ನುವರು. ಅಡುಗೆಮನೆಯಲ್ಲಿ ಅವರ ಪಕ್ಕ ಇನ್ನೊಬ್ಬರು ಕೂರುವಷ್ಟು ಜಾಗವಿಲ್ಲ. ನಡುಮನೆಯಲ್ಲಿ ನನ್ನವರು ಫೋನು ನೋಡುತ್ತಾ ಸೋಫಾ ಮೇಲೆ, ನಾನು ಪತ್ರಿಕೆ ತಿದ್ದುತ್ತಾ ನೆಲದ ಮೇಲೆ, ನಡುವೆ ಹೊಳೆಯುವ ಗೋಡೆ. ಮನೆ ಚೆಂದವಾಗಿ, ಮಾತು ನಿಂತು ಹೋಗಿತ್ತು. ನನಗೆ ಅಳುವೇ ಬರುವ ಹಾಗಾಗುತ್ತಿತ್ತು, ಜೊತೆಗೆ ಸಿಟ್ಟೂ ಬರುತ್ತಿತ್ತು.

ಕಾರಣ ಹುಡುಕಲು ಹೊರಟೆ. ಅಂಟಿನ ವಾಸನೆಯೇ? ಮೂಗಿಟ್ಟು ನೋಡಿದೆ, ಇರಲಿಲ್ಲ. ಟಿ.ವಿ.ಯ ಸದ್ದೇ? ಅದನ್ನು ಆರಿಸಿಯೇ ಇಟ್ಟೆ. ನಾನೇನಾದರೂ ಅಂದೆನೇ? ಅನ್ನುವುದು ಬೇಕಾದಷ್ಟು ಇರುತ್ತದೆ, ಆದರೆ ಅತ್ತೆ ಅದಕ್ಕೆಲ್ಲ ಅಲ್ಲೇ ತಿರುಗಿ ಅಂದು ಮುಗಿಸುವವರು, ಒಳಗಿಟ್ಟುಕೊಳ್ಳುವವರಲ್ಲ. ನನ್ನವರನ್ನು ಕೇಳಿದರೆ, "ಅವ್ವಂಗೆ ಅಲ್ಲೇ ಹಿತವಾಗಿರಬೇಕು ಬಿಡೇ" ಎಂದರು. ಈ ಗಂಡಸರಿಗೆ ಯಾವುದೂ ಯಾಕೆ ಎಂದು ತಿಳಿಯಬೇಕು ಅನ್ನಿಸುವುದೇ ಇಲ್ಲವಲ್ಲ!

ಆ ವಾರ ನನ್ನ ತವರಿಗೆ ಹೋಗುವುದಿತ್ತು. ನಮ್ಮವ್ವ ಇರುವುದು ಕೊಣನೂರಿನಲ್ಲಿ, ತಮ್ಮನ ಸಂಸಾರದ ಜೊತೆ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ, ಸಂತೆಗೆ ಹೋಗುವವರ ಕುಕ್ಕೆಗಳ ನಡುವೆ ಒಂಟಿ ಕಾಲಿನಲ್ಲಿ ನಿಂತು ಹೋದೆ. ಹೋದವಳು ಕೈಕಾಲು ತೊಳೆದು, ನಡುಮನೆಯಲ್ಲಿ ನೆಲದ ಮೇಲೆ ಕೂತು ಗೋಡೆಗೆ ಒರಗಿದೆ. ನಿದ್ದೆ ಬಂದಂತಾಯಿತು. ಅವ್ವ ಕಾಫಿ ತಂದು, "ಅಲ್ಲೇ ಕೂತ್ಕೋತೀಯ, ಅವತ್ನಿಂದ್ಲೂ ಅಲ್ಲೇ" ಎಂದರು.

ತಿರುಗಿ ನೋಡಿದರೆ ನನ್ನ ತಲೆಯ ಹಿಂದೆ ಒಂದು ಎಣ್ಣೆ ಕಲೆ. ಸುಣ್ಣ ಹೊಡೆದರೂ ಒಳಗಿನಿಂದ ಮತ್ತೆ ಎದ್ದು ಬರುವಂಥದ್ದು. ಇಷ್ಟು ವರ್ಷದಿಂದ ಬಂದು ಹೋಗುತ್ತಿದ್ದರೂ ನಾನು ಅದನ್ನು ನೋಡಿರಲಿಲ್ಲ. ಎದ್ದು ಮನೆಯೆಲ್ಲ ತಿರುಗಿದೆ. ತಲೆಬಾಗಿಲ ಪಕ್ಕ ಒಂದು ಕಲೆ, ಸ್ವಲ್ಪ ಎತ್ತರದಲ್ಲಿ. ಅದು ನಮ್ಮಪ್ಪನದು, ಜಗುಲಿಯಿಂದ ಬಂದವರು ಅಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅಡುಗೆಮನೆ ಹೊಸ್ತಿಲ ಹತ್ತಿರ ಅವ್ವನದು, ಇನ್ನೂ ಕೆಳಗೆ, ಬಾಗಿಲ ಕಂಬಕ್ಕೆ ತಾಗಿಕೊಂಡು. ಅಪ್ಪ ಹೋಗಿ ಬಹಳ ವರ್ಷವಾಯಿತು. ಅವರ ತಲೆಯ ಜಾಗ ಮಾತ್ರ ಅಲ್ಲೇ ಇತ್ತು. ನಾನು ಅದಕ್ಕೆ ಅಂಗೈ ಇಟ್ಟುಕೊಂಡು ನಿಂತೆ.

ಮತ್ತೆ ಬಂದು ನನ್ನ ಕಲೆಯ ಕೆಳಗೆ ಕೂತೆ. ತಲೆ ಸರಿಯಾಗಿ ಅದರೊಳಕ್ಕೆ ಹೋಗಿ ಕೂತಿತು, ಅದೆಷ್ಟು ಸರಿಯಾಗಿ ಎಂದರೆ ನನಗೆ ಥಟ್ಟನೆ ನಮ್ಮ ಹಾಸನದ ಗೋಡೆ ನೆನಪಾಯಿತು. ಎದ್ದು, ನೆಲದಿಂದ ಕಲೆಯ ಮೇಲಂಚಿನವರೆಗೆ ಗೇಣಿನಲ್ಲಿ ಅಳೆದುಕೊಂಡೆ. ನಮ್ಮವ್ವ, "ಬಣ್ಣ ಒಡಿಸ್ತೀಯೇನೇ?" ಎಂದರು. ಇಲ್ಲ ಎಂದೆ, ಯಾಕೆಂದು ಹೇಳುವ ವ್ಯವಧಾನವಿರಲಿಲ್ಲ. ಊಟ ಮುಗಿಸಿ ಸಂಜೆಯ ಬಸ್ಸಿಗೇ ಹೊರಟೆ.

ಮನೆಗೆ ಬಂದು, ಚಪ್ಪಲಿ ಬಿಟ್ಟವಳೇ ಅತ್ತೆಯ ಜಾಗದಲ್ಲಿ ಕೂತೆ. ಗೇಣು ಹಾಕಿ ನೋಡಿದೆ, ಹೆಚ್ಚುಕಡಿಮೆ ಅದೇ ಎತ್ತರ. ಒರಗಿದೆ. ಬೀಡಿಂಗ್‌ನ ಉಬ್ಬು ಸರಿಯಾಗಿ ತಲೆಯ ಹಿಂಬದಿಗೆ, ಜಡೆಯ ಬುಡಕ್ಕೆ ಒತ್ತಿತು. ಕತ್ತು ಮುಂದಕ್ಕೆ ಬಾಗಿತು. ಜಾರಿ ಕೂತರೆ ಸೊಂಟ ಹಿಡಿಯುತ್ತದೆ, ನೆಟ್ಟಗೆ ಕೂತರೆ ತಲೆಗೆ ಆಸರೆ ಇಲ್ಲ. ನನ್ನದು ಸಣ್ಣ ಜಡೆ. ಅತ್ತೆಯದು ನಿಂಬೆಹಣ್ಣಿಗಿಂತ ದಪ್ಪನೆಯ ತುರುಬು. ತಲೆ ಎಲ್ಲಿ ಒರಗುತ್ತದೋ ಅಲ್ಲಿ ತಾನೆ ಕಲೆಯಾಗುವುದು? ನಾವು ಕಲೆಯನ್ನೇ ಅಳತೆ ಮಾಡಿಕೊಂಡು, ತಲೆ ಒರಗುವ ಕಡೆಗೇ ನೋಡಿ ನೋಡಿ ಪಟ್ಟಿ ಹೊಡೆದಿದ್ದೆವು.

ಅಡುಗೆಮನೆಗೆ ಹೋದೆ. ಅತ್ತೆ ಸಿಲಿಂಡರಿನ ಪಕ್ಕ ಕೂತು ಅವರೆಕಾಳು ಹಿತುಕುತ್ತಿದ್ದರು, ಬೆನ್ನಿಗೆ ಏನೂ ಇಲ್ಲದೆ.

"ಅತ್ತೆ, ಪಟ್ಟಿ ತಲೆಗೆ ಒತ್ತುತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಅವರು ತಲೆ ಎತ್ತಲಿಲ್ಲ. "ಎಂಗವ್ವ ಏಳದು? ನಾನೇ ತಾನೆ ಬೆರ್ಳ್ ಮಡಗಿ ತೋರ್ಸಿದ್ದು, ಇಲ್ಲೀಗಂಟ ಅಂತ. ಇಬ್ರೂ ದಿನ ಪೂರ್ತಿ ಬಗ್ಗಿ ಬಗ್ಗಿ ಒಡುದ್ರಿ. ಅದ್ನ ಕಿತ್ತಾಕಿ ಅಂತ ನನ್ ಬಾಯಲ್ಲಿ ಬತ್ತದಾ?"

ಬೈಯಬೇಕೆಂದು ಬಂದವಳು ಪಕ್ಕದಲ್ಲಿ ಹೇಗೋ ತುರುಕಿಕೊಂಡು ಕೂತು ಕಾಳು ಹಿತುಕಿದೆ.

ನನ್ನವರು ಮೊದಲು ಒಪ್ಪಲಿಲ್ಲ. ಅವ್ವನನ್ನೇ ಸೋಫಾ ಮೇಲೆ ಕೂರಿಸಿದರಾಯಿತು ಎಂದರು. "ನೀವು ಬಂದು ಅಲ್ಲಿ ಕೂತು ನೋಡಿ" ಎಂದೆ. ಕೂತರು, ಒರಗಿದರು. ಎದ್ದವರೇ ಹೋಗಿ ಗರಗಸ ಹುಡುಕಿದರು.

ಬೀಡಿಂಗ್ ತೆಗೆದರಷ್ಟೇ ಸಾಲದು, ಪ್ಯಾನೆಲ್ಲಿನ ಬರಿ ಅಂಚು ಇನ್ನೂ ಚುಚ್ಚುತ್ತದೆ. ಅದಕ್ಕೆ ಅತ್ತೆಯ ಜಾಗದಷ್ಟು ಅಗಲಕ್ಕೆ ಪಟ್ಟಿಯನ್ನು ಕೊಯ್ದು, ಅದರ ಕೆಳಗಿನ ಪ್ಯಾನೆಲನ್ನೂ ನೆಲದವರೆಗೆ ಕೊಯ್ದು ತೆಗೆದೆವು. ಅಂಟಿನ ಜೊತೆ ಗೋಡೆಯ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದು ಬಂತು. ಕಲೆ ಮಾತ್ರ ಇದ್ದಲ್ಲೇ ಇತ್ತು. ಊರಿಗೆ ಹೋಗಿ ಬಂದವರನ್ನು ನೋಡಿದಷ್ಟು ಖುಷಿಯಾಯಿತು ನನಗೆ.

ಆದರೆ ನಡುವೆ ಹಾಗೆ ಬಾಯ್ದೆರೆದ ಗೋಡೆ ನೋಡಲು ಮುರಿದ ಹಲ್ಲಿನಂತಿತ್ತು. ಮಿಕ್ಕ ಬೀಡಿಂಗ್ ಇತ್ತಲ್ಲ, ನನ್ನವರೇ ಹೇಳಿದರು, ಎರಡು ಪಕ್ಕಕ್ಕೂ ನೆಲದಿಂದ ಮೇಲಕ್ಕೆ ಪಟ್ಟಿ ನಿಲ್ಲಿಸಿ, ಕೂತವರ ತಲೆಗಿಂತ ಒಂದು ಗೇಣು ಎತ್ತರದಲ್ಲಿ ಅಡ್ಡ ಪಟ್ಟಿ ಕೂಡಿಸೋಣ ಎಂದು. ನನ್ನ ರಟ್ಟಿನ ತುಂಡುಗಳು ಮತ್ತೆ ಬಂದವು. ಮೇಲಿನ ಎರಡು ಮೂಲೆಗಳೂ ಈ ಸಲ ಒಂದಕ್ಕೊಂದು ಕೂಡಿ ಬಂದವು. ಎಡಗಡೆಯದರಲ್ಲಿ ಒಂದು ಕೂದಲು ಹೋಗುವಷ್ಟು ಸಂದು ಉಳಿಯಿತು, ಅದನ್ನು ಹಾಗೇ ಬಿಟ್ಟೆವು.

ಟೇಪು ಬಿಚ್ಚಿದ ಸಂಜೆ ಅತ್ತೆಯನ್ನು ಕರೆದೆ. ಅವರು ಸೊಂಟಕ್ಕೆ ಕೈಕೊಟ್ಟುಕೊಂಡು ನಿಂತು, ಮೊದಲು ಚೌಕಟ್ಟಿನೊಳಗಿನ ತಮ್ಮ ಕಲೆಯನ್ನು ನೋಡಿದರು, ಆಮೇಲೆ ಮೇಲೆ ಮಾವನ ಫೋಟೋ ನೋಡಿದರು.

"ಅಲ್ಲ ಕಣ್ರವ್ವಾ, ಅವ್ರಿಗೆ ಓದ್ಮೇಲೆ ಕಟ್ಟಾಕ್ಸುದ್ರಿ. ನಂಗೆ ಬದುಕಿದ್ದಂಗೇ ಕಟ್ಟಾಕ್ಸ್ಬುಟ್ರಾ?"

ನನ್ನವರ ಮುಖ ಸಣ್ಣದಾಯಿತು. ನಾನೂ ಒಂದು ಕ್ಷಣ ಹೆದರಿದೆ. ಅತ್ತೆ ನಮ್ಮಿಬ್ಬರ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಸೀರೆ ಸರಿಮಾಡಿಕೊಂಡು ಕೂತು, ಕಾಲು ಚಾಚಿ, ತುರುಬನ್ನು ಕಲೆಗೆ ಒರಗಿಸಿ ಕಣ್ಣು ಮುಚ್ಚಿದರು. "ತಣ್ಗದೆ" ಎಂದರು. ಧನುರ್ಮಾಸ ಮುಗಿಯುತ್ತಾ ಬಂದಿತ್ತು, ಹಾಸನದ ಚಳಿ ಇನ್ನೂ ಹೋಗಿರಲಿಲ್ಲ.

ನಾನು ಪೇಪರ್ ಕಟ್ಟು ತಂದೆ. ಅವರೆಕಾಯಿ ಮೊರ ಅವರ ಮುಂದಿಟ್ಟೆ.

"ಎಲ್ಲೀಗೆ ನಿಲ್ಸಿದ್ದೆ?"

"ನಿಮ್ಮಕ್ಕ ಮೆದೆ ಹಿಂದೆ ಅತ್ತೆ."

"ಊಂ. ಮೆದೆ ಹಿಂದೆ." ಒಂದು ಕಾಯಿ ಬಿಡಿಸಿದರು. "ಅವ್ಳು ಬರ್ಲೇ ಇಲ್ಲ ಕಣವ್ವ. ಕೂಗಿದ್ರು, ಉಡುಕುದ್ರು, ಸಿಗ್ಲಿಲ್ಲ. ಬಂದೋರು ನಡುಮನೇಲಿ ಕೂತವ್ರೆ, ಅವ್ರಿಗೆ ತೋರ್ಸಾಕೆ ಒಂದು ಎಣ್ಣು ಬ್ಯಾಡ್ವಾ? ನಮ್ಮಪ್ಪ ಬಂದು ನನ್ ಕೈ ಇಡ್ಕಂಡು ಎಳ್ಕಂಡೋಗಿ ಕೂರುಸ್ಬುಟ್ಟ. ಸಗಣಿ ಕೈಯ ನಂದು, ತೊಳ್ಕಳಾಕೂ ಬುಡ್ಲಿಲ್ಲ."

ಸೋಫಾ ಮೇಲಿದ್ದ ನನ್ನವರು ಫೋನು ಕೆಳಗಿಟ್ಟರು. "ಯಾರಿಗೆ ತೋರ್ಸಿದ್ದವ್ವ?"

"ಇನ್ಯಾರ್ಗ್ಲಾ, ನಿಮ್ಮಪ್ಪಂಗೆ!"

ಮಗನಿಗೆ ಇದು ಇವತ್ತೇ ಗೊತ್ತಾಗುತ್ತಿರುವುದು. ಸೋಫಾದಿಂದ ಇಳಿದು ನನ್ನ ಪಕ್ಕ ನೆಲದ ಮೇಲೆ ಬಂದು ಕೂತರು. ಅತ್ತೆ ಅವರನ್ನು ನೋಡಲಿಲ್ಲ, ಕೈಯಲ್ಲಿದ್ದ ಕಾಯಿಯನ್ನೇ ನೋಡುತ್ತಿದ್ದರು.

"ಸಗಣಿ ಕೈನ ಸೆರ್ಗಲ್ಲಿ ಮುಚ್ಕಂಡಿದ್ದೆ ಕಣವ್ವ. ತಲೆ ಎತ್ತಿ ಯಾರ್ನೂ ನೋಡ್ಲಿಲ್ಲ. ಬೆನ್ನಿಗೊಂದು ಗ್ವಾಡೆ ಇತ್ತು. ಅದ್ಕೇ ಒರಗ್ಕಂಡು ಕೂತಿದ್ದೆ."